ನಿಮಗಿದು ಗೊತ್ತೇ? ಮುಖ ನೋಡಿ ಮಣೆ ಮಾಡಬೇಡಿ

● ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾದರಿ ಆಹಾರ ಸಂಹಿತೆಯಲ್ಲಿ ಕಟ್ಟುನಿಟ್ಟಿನ ಒಂದು ಮಾತಿದೆ: ಹೋಟೆಲು, ಅಂಗಡಿಗಳಲ್ಲಿ ಆಹಾರ ತಾಗುವ ಜಾಗಕ್ಕೆ ಮರ ಕೂಡದು. ಅದರ ಬೆನ್ನಿಗೇ ವಿನಾಯಿತಿಯೂ ಇದೆ. ಹೆಚ್ಚುವ ಮಣೆ, ಕೊಚ್ಚುವ ಕೊರಡು, ಹಿಟ್ಟು ನಾದುವ ಮೇಜು, ಲಟ್ಟಣಿಗೆ ಇವಕ್ಕೆ ಮರ ಆದೀತು. ಆದರೆ ಯಾವ ಮರ? ಆ ಸಾಲು ಹೆಸರು ಹಿಡಿದು ಕರೆಯುವುದು ಒಂದೇ ಮರವನ್ನು: ಗಟ್ಟಿ ಮೇಪಲ್. ಮಿಕ್ಕವೆಲ್ಲ ಅಷ್ಟೇ ಗಟ್ಟಿಯಾದ, ಅಷ್ಟೇ ಒತ್ತು ಎಳೆಯ ಮರಗಳು ಎಂಬ ಒಂದೇ ಮಾತಿನಲ್ಲಿ ಬಂದುಹೋಗುತ್ತವೆ.

● ‘ಗಟ್ಟಿ ಮೇಪಲ್’ ಎಂಬ ಮರ ಕಾಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಮರದ ವ್ಯಾಪಾರಿಗಳ ಮಾತು. ಸಕ್ಕರೆ ಮೇಪಲ್, ಕಪ್ಪು ಮೇಪಲ್ ಎಂಬ ಎರಡು ಮರಗಳನ್ನು ಕೊಯ್ದು ಆ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಕೆಂಪು ಮೇಪಲ್, ಬೆಳ್ಳಿ ಮೇಪಲ್ ಮುಂತಾದವು ‘ಮೃದು ಮೇಪಲ್’ ರಾಶಿಗೆ ಹೋಗುತ್ತವೆ.

● ಪ್ಯಾನ್‌ಕೇಕಿಗೆ ಸುರಿದುಕೊಳ್ಳುವ ಮೇಪಲ್ ಸಿರಪ್ಪು ಮುಖ್ಯವಾಗಿ ಬರುವುದು ಇದೇ ಸಕ್ಕರೆ ಮೇಪಲ್ಲಿನಿಂದ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್ಪು. ಕೆನಡಾದ ಕ್ವಿಬೆಕ್ ಪ್ರಾಂತ್ಯವೊಂದೇ ಜಗತ್ತಿನ ಸಿರಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕೊಡುತ್ತದೆ. ನ್ಯೂಯಾರ್ಕ್, ವರ್ಮಾಂಟ್, ವಿಸ್ಕಾನ್ಸಿನ್, ವೆಸ್ಟ್ ವರ್ಜೀನಿಯಾ ಈ ನಾಲ್ಕೂ ರಾಜ್ಯಗಳ ರಾಜ್ಯವೃಕ್ಷ ಸಕ್ಕರೆ ಮೇಪಲ್ಲೇ.

● ರಸಕ್ಕಾಗಿ ಕೊರೆದ ತೂತು ಮುಚ್ಚಿಹೋದರೂ ಮರ ಅದನ್ನು ಮರೆಯುವುದಿಲ್ಲ. ತೂತಿನ ಮೇಲೂ ಕೆಳಗೂ ಉದ್ದಕ್ಕೆ ಕಂದು ಕಲೆ ಹಬ್ಬಿರುತ್ತದೆ. ಕಲೆಯಿಂದ ಮಣೆಗೆ ತೊಂದರೆಯಿಲ್ಲ. ಮಣೆಗೆಂದು ಸೀಳಿ ಅಂಟಿಸುವ ಪಟ್ಟಿಯಲ್ಲಿ, ಅಂದರೆ ರೀಪಿನಲ್ಲಿ, ತೂತೇ ಉಳಿದಿದ್ದರೆ ಆ ತುಂಡನ್ನು ಬಿಡಿ. ಅಲ್ಲಿ ಈರುಳ್ಳಿಯ ನೀರು ನಿಲ್ಲುತ್ತದೆ.

● ಮರದ ಗಟ್ಟಿತನ ಅಳೆಯುವುದು ಹೇಗೆ? 11.28 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡನ್ನು ಅದರ ಅರ್ಧದವರೆಗೆ ಮರದೊಳಗೆ ಒತ್ತುತ್ತಾರೆ. ಅದಕ್ಕೆ ಬೇಕಾದ ಬಲವೇ ಗಟ್ಟಿತನದ ಅಂಕ. 1906ರಲ್ಲಿ ಆಸ್ಟ್ರಿಯಾದ ಗೇಬ್ರಿಯಲ್ ಜಾಂಕಾ ರೂಪಿಸಿದ ಪರೀಕ್ಷೆ ಇದು. ಆ ವಿಚಿತ್ರ ಅಳತೆಗೂ ಕಾರಣವಿದೆ: ಅಷ್ಟು ದಪ್ಪದ ಗುಂಡು ಒತ್ತಿದ ಕುಳಿಯ ಬಾಯಿ ಸರಿಯಾಗಿ 100 ಚದರ ಮಿಲಿಮೀಟರ್ ಆಗುತ್ತದೆ. ಸಕ್ಕರೆ ಮೇಪಲ್ಲಿಗೆ 1450 ಪೌಂಡ್ ಬಲ ಬೇಕು. ಕಪ್ಪು ಮೇಪಲ್ಲಿಗೆ 1180, ಕೆಂಪಿಗೆ 950, ಬೆಳ್ಳಿಗೆ 700. ನಮ್ಮ ತೇಗ ಸಾವಿರದ ಆಸುಪಾಸಿನಲ್ಲಿದೆ.

● ಹಾಗಾದರೆ ಇನ್ನೂ ಗಟ್ಟಿಯಾದ ಮರ ಇನ್ನೂ ಒಳ್ಳೆಯದೇ? ಅಲ್ಲ. ಮಣೆ ಚಾಕುವಿಗೆ ಸೋಲಬೇಕು. ಸೋಲದ ಮಣೆಯ ಮೇಲೆ ಚಾಕುವಿನ ಬಾಯಿ ಮಡಚಿಕೊಳ್ಳುತ್ತದೆ. ತೇಗ ಮೇಪಲ್ಲಿಗಿಂತ ಮೆತ್ತಗಿದ್ದೂ ಉಳಿಯನ್ನೂ ಚಾಕುವನ್ನೂ ಬೇಗ ಮೊಂಡು ಮಾಡುತ್ತದೆ, ಏಕೆಂದರೆ ಅದರೊಳಗೆ ಮರಳಿನ ಮೂಲವಸ್ತುವಾದ ಸಿಲಿಕಾದ ಕಣಗಳಿವೆ.

● ಅಂಗಡಿಯಲ್ಲಿ ಬರೀ ‘ಮೇಪಲ್’ ಎಂದು ಬರೆದಿದ್ದರೆ ಗಟ್ಟಿಯೋ ಮೃದುವೋ ಎಂದು ತಿಳಿಯುವುದು ಹೇಗೆ? ಮೊದಲ ಪರೀಕ್ಷೆ ಹೆಬ್ಬೆರಳಿನ ಉಗುರು. ಹಲಗೆಯ ಅಂಚಿಗೆ ಜೋರಾಗಿ ಒತ್ತಿ: ಮೃದು ಮೇಪಲ್ಲಿನಲ್ಲಿ ಗುರುತು ಸುಲಭವಾಗಿ ಮೂಡುತ್ತದೆ. ಎರಡನೆಯದು ತೂಕ: ಒಂದೇ ಅಳತೆಯ ಎರಡು ತುಂಡು ಎರಡೂ ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮೂರನೆಯದು ನಮ್ಮ ಹಳೆಯ ಗ್ರಂದಿಗೆ ಅಂಗಡಿಯ ಅನ್ನಭೇದಿ. ಅದನ್ನು ನೀರಿನಲ್ಲಿ ಕದಡಿ ಬೇಡದ ಚೂರಿನ ಮೇಲೆ ಹಚ್ಚಿದರೆ ಸಕ್ಕರೆ ಮೇಪಲ್ ಹಸಿರು ಛಾಯೆಗೆ ತಿರುಗುತ್ತದೆ, ಕೆಂಪು ಮೇಪಲ್ ನೀಲಿಗಪ್ಪಾಗುತ್ತದೆ. ಮಣೆಗೆ ಬಳಸುವ ತುಂಡಿನ ಮೇಲೆ ಮಾತ್ರ ಈ ಪರೀಕ್ಷೆ ಬೇಡ.

● ಕೆಂಪು ಓಕ್ ಮರದ ಚಿಕ್ಕ ತುಂಡಿನ ಒಂದು ತುದಿಯನ್ನು ಬಾಯಿಗಿಟ್ಟು ಊದಿ, ಇನ್ನೊಂದು ತುದಿಯನ್ನು ನೀರಿನಲ್ಲಿ ಅದ್ದಿದರೆ ಗುಳ್ಳೆಗಳೇಳುತ್ತವೆ! ಅದರ ನಾಳಗಳು ಅಷ್ಟು ದೊಡ್ಡವು, ಅಷ್ಟು ತೆರೆದವು. ಮೇಪಲ್ಲಿನ ನಾಳಗಳು ಬಹಳ ಸಣ್ಣವು; ಒಂದು ಕಡೆ ಗುಂಪುಗೂಡದೆ ಉಂಗುರದ ತುಂಬ ಸಮನಾಗಿ ಹರಡಿಕೊಂಡಿರುತ್ತವೆ. ಸಂಹಿತೆ ಹೇಳುವ ‘ಒತ್ತು ಎಳೆ’ ಇದೇ.

● ತೇಗ, ಬೀಟೆಗಳಲ್ಲಿ ನಮ್ಮ ಆಚಾರಿಗಳು ಕೇಳುವುದು ಚೇಗನ್ನು, ಅಂದರೆ ಮರದ ಒಳಗಿನ ಕಪ್ಪು ಭಾಗವನ್ನು. ಹೊರಗಿನ ಬಿಳಿಯನ್ನು ಹುಳ ತಿನ್ನುತ್ತದೆಂದು ಕೆತ್ತಿ ಎಸೆಯುತ್ತಾರೆ. ಮೇಪಲ್ಲಿನಲ್ಲಿ ಇದು ತಿರುಗುಮುರುಗು. ಅಲ್ಲಿ ಬೆಲೆ ಹೊರಗಿನ ಬಿಳಿಗೆ. ಒಳಗಿನ ಕಂದು ಚೇಗು ಅಗ್ಗ. ಹೆಚ್ಚುವ ಕೆಲಸಕ್ಕೆ ಎರಡೂ ಸಮ. ಬಿಳಿ ರೀಪಿಗೆ ಹೆಚ್ಚು ಹಣ ಕೊಟ್ಟರೆ ಅದು ಬಣ್ಣಕ್ಕೆ ಕೊಟ್ಟ ಹಣ. ನನಗಂತೂ ನಡುವೆ ಒಂದೆರಡು ಕಂದು ಪಟ್ಟೆ ಹಾದ ಮಣೆಯೇ ಚೆಂದ.

● ಚಳಿಗಾಲದಲ್ಲಿ ಕಡಿದ ಮೇಪಲ್ ಹೆಚ್ಚು ಬಿಳಿ. ಬೇಸಿಗೆಯಲ್ಲಿ ಕಡಿದ ದಿಮ್ಮಿ ಕೊಯ್ಯದೆ ಬಿದ್ದಿದ್ದರೆ ಬೂದು ಕಲೆ ಒಳಗೆ ಇಳಿದುಬಿಡುತ್ತದೆ. ಕೀಸುಳಿ ಹಾಕಿದರೂ ಹೋಗುವುದಿಲ್ಲ.

● ಈಗ ನಿಜವಾದ ವಿಷಯಕ್ಕೆ ಬರೋಣ. ಮಿಶಿಗನ್ನಿಗೆ ಬಂದ ಹೊಸತರಲ್ಲಿ ನಾನು ಮಾಡಿದ ಮೊದಲ ಮಣೆಯ ರೀಪುಗಳನ್ನು ಮುಖ ನೋಡಿಯೇ ಆರಿಸಿದ್ದೆ. ಹಾಲಿನಂಥ ಬಿಳಿ, ಒಂದು ಗಂಟಿಲ್ಲ, ಚುಕ್ಕೆಯಿಲ್ಲ. ಆಗಸ್ಟಿನಲ್ಲಿ ಅಂಟಿಸಿದೆ. ಜನವರಿಯಲ್ಲಿ ಹೀಟರಿನ ಒಣ ಗಾಳಿಗೆ ಮಣೆ ದೋಣಿಯಂತೆ ಬಾಗಿ, ಎರಡು ರೀಪುಗಳ ನಡುವೆ ಬಾಯಿಬಿಟ್ಟಿತು. ಆ ಬಿರುಕಿನಲ್ಲಿ ಕೊತ್ತಂಬರಿ ಎಲೆ ಸಿಕ್ಕಿಕೊಂಡಿದ್ದು ನೋಡಿ ಹೊಟ್ಟೆ ಕಿವುಚಿದಂತಾಯಿತು. ತಪ್ಪು ಅಂಟಿನದಲ್ಲ. ನಾನು ರೀಪಿನ ತಲೆ ನೋಡಿರಲಿಲ್ಲ.

● ತಲೆ ಎಂದರೆ ಹಲಗೆಯ ಕೊಯ್ದ ತುದಿ. ಅಲ್ಲಿ ಉಂಗುರಗಳು ಗೆರೆಗೆರೆಯಾಗಿ ಕಾಣುತ್ತವೆ. ಗೆರೆಗಳು ನಗುವ ಬಾಯಿಯಂತೆ ಕಮಾನಾಗಿದ್ದರೆ ಅದು ಚಪ್ಪಟೆ ಕೊಯ್ತದ ಹಲಗೆ. ಹಲಗೆಯ ಅಗಲಕ್ಕೆ ಗೆರೆಗಳು ನೆಟ್ಟಗೆ ಕಂಬದಂತೆ ನಿಂತಿದ್ದರೆ ಅದು ಕಾಲ್ಕೊಯ್ತ. ಈ ಗೆರೆಗಳು ಮಣೆಯ ಭವಿಷ್ಯವನ್ನೇ ಹೇಳುತ್ತವೆ. ಹಸಿ ಮರ ಪೂರ್ತಿ ಒಣಗುವಾಗ ಸಕ್ಕರೆ ಮೇಪಲ್ ಉಂಗುರದ ಗುಂಟ ಸುಮಾರು ನೂರಕ್ಕೆ 9.9 ಭಾಗ ಕುಗ್ಗುತ್ತದೆ, ಉಂಗುರಕ್ಕೆ ಅಡ್ಡಲಾಗಿ 4.8 ಭಾಗ ಮಾತ್ರ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಒಂದು ದಿಕ್ಕಿಗೆ ಇನ್ನೊಂದರ ಎರಡರಷ್ಟು ಕುಗ್ಗುವ ವಸ್ತು ಬಾಗದೆ ಇನ್ನೇನು ಮಾಡೀತು? ಕಮಾನಿನ ಗೆರೆಗಳು ಒಣಗುತ್ತ ನೆಟ್ಟಗಾಗಲು ಎಳೆಯುತ್ತವೆ, ಹಲಗೆ ಬಟ್ಟಲಾಗುತ್ತದೆ.

● ಇಲ್ಲೊಂದು ಸುಲಭದ ಉಪಾಯವಿದೆ. ಕಾಲ್ಕೊಯ್ತದ ಹಲಗೆ ದುಬಾರಿ. ಚಪ್ಪಟೆ ಕೊಯ್ತದ್ದು ಅಗ್ಗ. ಅಗ್ಗದ ಹಲಗೆಯನ್ನೇ ತಂದು ರೀಪು ಸೀಳಿ, ಪ್ರತಿ ರೀಪನ್ನೂ ಮಗ್ಗುಲಿಗೆ ಹೊರಳಿಸಿ ನಿಲ್ಲಿಸಿ. ಮಲಗಿದ್ದ ಗೆರೆ ಈಗ ಎದ್ದು ನಿಲ್ಲುತ್ತದೆ. ಹಲಗೆಯ ಮುಖವಾಗಿದ್ದದ್ದು ಅಂಟಿನ ಸಂದಿಗೆ ಹೋಗುತ್ತದೆ. ಅಂಚಾಗಿದ್ದದ್ದು ಮಣೆಯ ಮೇಲ್ಮೈ ಆಗುತ್ತದೆ. ಅಂಗಡಿಯಲ್ಲಿ ನೀವು ಮೆಚ್ಚಿ ಹಣ ಕೊಟ್ಟ ಆ ಬಿಳಿ ಮುಖ ಮುಗಿದ ಮಣೆಯಲ್ಲಿ ಎಲ್ಲೂ ಕಾಣುವುದೇ ಇಲ್ಲ!

● ಲೆಕ್ಕ ನೋಡಿ. 12 ಇಂಚು ಅಗಲದ ಮಣೆ. ಬೇಸಿಗೆಗೂ ಚಳಿಗಾಲಕ್ಕೂ ಮರದ ತೇವ ನೂರಕ್ಕೆ 4ರಷ್ಟು ಏರಿಳಿದರೆ, ಮಲಗಿದ ಗೆರೆಯ ಮಣೆ ಅಗಲದಲ್ಲಿ ಸುಮಾರು 4.3 ಮಿಲಿಮೀಟರ್ ಆಡುತ್ತದೆ. ನಿಂತ ಗೆರೆಯದು ಆಡುವುದು 2 ಮಿಲಿಮೀಟರ್.

● ಮನೆಯೊಳಗಿನ ಮರಗೆಲಸಕ್ಕೆ ಉತ್ತರ ಅಮೆರಿಕದಲ್ಲಿ ಗೂಡಿನಲ್ಲಿ ಒಣಗಿಸಿದ ಹಲಗೆಯ ತೇವ ನೂರಕ್ಕೆ 6ರಿಂದ 8. ಟೊರೊಂಟೊದಿಂದಲೋ ಡೆಟ್ರಾಯಿಟಿನಿಂದಲೋ ಊರಿಗೆ ಹೊರಟವರು ಅಮ್ಮನಿಗೆಂದು ಮೇಪಲ್ ಮಣೆ ಒಯ್ಯುವುದನ್ನು ಕಂಡಿದ್ದೇನೆ. ಅದು ಮಂಗಳೂರಿನ ಆಷಾಢದ ಗಾಳಿಯಲ್ಲಿ ಕುಳಿತು ತೇವ 7ರಿಂದ 15ಕ್ಕೆ ಏರಿತೆನ್ನಿ. ಮಲಗಿದ ಗೆರೆಯ 12 ಇಂಚಿನ ಮಣೆ 8 ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಸುತ್ತ ಅಡ್ಡ ಎಳೆಯ ಚೌಕಟ್ಟು ಕಟ್ಟಿ ಅಂಟಿಸಿದ್ದರಂತೂ ಚೌಕಟ್ಟಿನ ಮೂಲೆ ಒಡೆಯದೆ ಇರದು. ಮಣೆಗೆ ಚೌಕಟ್ಟು ಬೇಡ. ಅದರ ಪಾಡಿಗೆ ಅದು ಉಸಿರಾಡಲಿ.

● ತಂದ ದಿನವೇ ಅಂಟಿಸುವುದು ಅವಸರ. ರೀಪುಗಳ ನಡುವೆ ಸಣ್ಣ ಕಡ್ಡಿಗಳನ್ನಿಟ್ಟು ಪೇರಿಸಿ, ಕೆಲಸ ಮಾಡುವ ಕೋಣೆಯಲ್ಲಿ ಒಂದೆರಡು ವಾರ ಬಿಡಬೇಕು. ಆಗ ಬಾಗುವ ಗುಣದ್ದು ಬಾಗಿ ತೋರಿಸುತ್ತದೆ. ಸೀಳಿದ ತಕ್ಷಣ ಬಿಲ್ಲಿನಂತಾಗುವ ರೀಪು ಒಳಗೆ ಬಿಗಿತ ಹೊತ್ತ ಮರ. ಅದನ್ನು ಕ್ಲ್ಯಾಂಪಿನಲ್ಲಿ ಬಿಗಿದು ನೆಟ್ಟಗೆ ಮಾಡುವ ಆಸೆ ಬೇಡ.

● ಅಮೆರಿಕದ ಗಟ್ಟಿಮರದ ಅಂಗಡಿಯಲ್ಲಿ ದಪ್ಪ ಹೇಳುವುದು ಇಂಚಿನಲ್ಲಲ್ಲ, ಕಾಲಿಂಚಿನಲ್ಲಿ. ನಾಲ್ಕು ಕಾಲು, ಐದು ಕಾಲು, ಎಂಟು ಕಾಲು. ಮುಕ್ಕಾಲು, ಒಂದೂಕಾಲು ಎಂದು ಬೆಳೆದ ಕನ್ನಡದ ಕಿವಿಗೆ ಇದು ಬಲು ಹತ್ತಿರ. ‘ನಾಲ್ಕು ಕಾಲು’ ಎಂಬ ಒರಟು ಹಲಗೆ ಒಂದಿಂಚು. ಕೀಸುಳಿ ಕಂಡ ಮೇಲೆ ಕೈಗೆ ಸಿಗುವುದು ಮುಕ್ಕಾಲು ಇಂಚೋ ಚೂರು ಹೆಚ್ಚೋ. ಬೆಲೆ ಕಟ್ಟುವುದು ‘ಬೋರ್ಡ್ ಫುಟ್’ ಲೆಕ್ಕದಲ್ಲಿ: ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪ, ಅಂದರೆ 144 ಘನ ಇಂಚು.

● 1898ರಲ್ಲಿ ಹುಟ್ಟಿದ ನ್ಯಾಷನಲ್ ಹಾರ್ಡ್‌ವುಡ್ ಲಂಬರ್ ಅಸೋಸಿಯೇಷನ್ನಿನ ನಿಯಮದಂತೆ ಹಲಗೆಗಳಿಗೆ ದರ್ಜೆ ಕೊಡುತ್ತಾರೆ. ಎಲ್ಲಕ್ಕಿಂತ ಮೇಲಿನ ದರ್ಜೆಯಲ್ಲಿ ಹಲಗೆಯ ಹನ್ನೆರಡರಲ್ಲಿ ಹತ್ತು ಪಾಲು ಗಂಟು-ಬಿರುಕಿಲ್ಲದೆ ಕೊಯ್ದು ತೆಗೆಯುವಂತಿರಬೇಕು. ‘ನಂಬರ್ 1 ಕಾಮನ್’ ದರ್ಜೆಗೆ ಎಂಟು ಪಾಲು ಸಾಕು. ಕೇಳಲು ಕಳಪೆಯಂತಿದೆ. ಆದರೆ ಈ ದರ್ಜೆಯ ಸ್ವಚ್ಛ ತುಂಡು 4 ಇಂಚು ಅಗಲವಿದ್ದರೆ ಕನಿಷ್ಠ 2 ಅಡಿ ಉದ್ದ ಇರಲೇಬೇಕು. ಒಂದೂವರೆ ಅಡಿಯ ಮಣೆಗೆ ಇನ್ನೆಷ್ಟು ಬೇಕು? ಊಟದ ಮೇಜು ಮಾಡುವವರು ಮೇಲಿನ ದರ್ಜೆ ಕೊಳ್ಳಲಿ. ಮಣೆ ಮಾಡುವವರು ಇದನ್ನು ಕೊಂಡು, ಗಂಟಿರುವಲ್ಲಿ ಕತ್ತರಿಸಿ ಬಿಟ್ಟರೆ ಅದೇ ಮರ ಕಡಿಮೆ ಬೆಲೆಗೆ ಸಿಕ್ಕಂತೆ.

● 12 ಇಂಚು ಅಗಲ, 18 ಇಂಚು ಉದ್ದ, ಒಂದೂವರೆ ಇಂಚು ದಪ್ಪದ ಮಣೆಗೆ ಎಷ್ಟು ಮರ ಬೇಕು? ಮುಗಿದ ಮಣೆಯಲ್ಲಿರುವುದು ಎರಡೂಕಾಲು ಬೋರ್ಡ್ ಫುಟ್. ಕೊಳ್ಳಬೇಕಾದ್ದು ಬೇರೆಯೇ. ಮುಕ್ಕಾಲು ಇಂಚಿನ ರೀಪುಗಳನ್ನು ಹೊರಳಿಸಿ ನಿಲ್ಲಿಸಿದರೆ 12 ಇಂಚಿಗೆ 16 ರೀಪು. ಪ್ರತಿಯೊಂದೂ ಒಂದೂಮುಕ್ಕಾಲು ಇಂಚು ಅಗಲ, 20 ಇಂಚು ಉದ್ದ. ಗರಗಸ ಪ್ರತಿ ಸೀಳಿಗೂ ಎಂಟನೇ ಒಂದು ಇಂಚು ತಿನ್ನುತ್ತದೆ. 8 ಇಂಚು ಅಗಲದ ಹಲಗೆಯಲ್ಲಿ ಹಾಗೆ ನಾಲ್ಕು ರೀಪು ಬಂದರೆ, 7 ಅಡಿ ಉದ್ದದ ಹಲಗೆ ಬೇಕು. ಅದು ನಾಲ್ಕೂಮುಕ್ಕಾಲು ಬೋರ್ಡ್ ಫುಟ್ಟಿಗೆ ಹತ್ತಿರ. ಅಂದರೆ ಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಟ್ಟಾಗಿ, ಹೆರೆಯಾಗಿ, ತುಂಡಾಗಿ ಹೋಗುತ್ತದೆ. ಮೊದಲೇ ಗೊತ್ತಿದ್ದರೆ ಅರ್ಧ ದಾರಿಯಲ್ಲಿ ರೀಪು ಸಾಲದೆ ಮತ್ತೆ ಅಂಗಡಿಗೆ ಓಡಬೇಕಿಲ್ಲ. ಹಾಗೆ ಓಡಿ ತಂದದ್ದು ಬೇರೆ ಮರದ್ದು. ಬಣ್ಣವೂ ಕೂಡದು, ತೇವವೂ ಕೂಡದು.

● ಮುಗಿದ ಆ ಮಣೆಯ ತೂಕ ಸುಮಾರು ಮೂರೂಮುಕ್ಕಾಲು ಕಿಲೊ. ಹೆಚ್ಚುವಾಗ ಜಾರದಿರುವುದಕ್ಕೆ ಆ ಭಾರ ನೆರವಾಗುತ್ತದೆ.

● ಮೇಪಲ್ಲಿನಲ್ಲಿ ಹಕ್ಕಿಕಣ್ಣು ಎಂಬ ಒಂದು ಚೆಲುವಿದೆ. ಮೈತುಂಬ ಪುಟ್ಟ ಕಣ್ಣಿನಂಥ ಸುಳಿಗಳು. ಹುಲಿಪಟ್ಟೆಯಂಥ ಅಲೆ ಇನ್ನೊಂದು. ಪಿಟೀಲಿನ ಬೆನ್ನಿಗೆ ಯುರೋಪಿನ ಮೇಪಲ್ಲಿನಲ್ಲಿ ಆರಿಸುವುದು ಈ ಅಲೆಯನ್ನೇ. ನೋಡಲು ಮನಸೋಲುತ್ತದೆ. ಮಣೆಗೆ ನಾನು ಇವನ್ನು ಒಲ್ಲೆ. ಎಳೆ ಮೇಲೆ ಕೆಳಗೆ ಹೊರಳುವ ಕಡೆ ಕೀಸುಳಿ ಚಕ್ಕೆ ಕಿತ್ತು ಕುಳಿ ಬೀಳಿಸುತ್ತದೆ. ಮೊದಲ ಮಣೆಗೆ ಬೇಕಾದ್ದು ಬಾಚಿದ ಕೂದಲಿನಂಥ ನೇರ ಎಳೆ.

● ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಅಂಕಣಗಳಲ್ಲಿ ಹೆಚ್ಚಿನವು ಗಟ್ಟಿ ಮೇಪಲ್ಲಿನವು. ಬಾಸ್ಟನ್ ಸೆಲ್ಟಿಕ್ಸ್ ತಂಡದ ಅಂಕಣ ಮಾತ್ರ ಕೆಂಪು ಓಕಿನದು. 2001ರಲ್ಲಿ ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ 73 ಹೋಮ್‌ರನ್ ಬಾರಿಸಿದ್ದು ಮೇಪಲ್ ಬ್ಯಾಟಿನಲ್ಲಿ.

● ಕಾಶ್ಮೀರದ ಚಿನಾರ್ ಮೇಪಲ್ ಅಲ್ಲ. ಎಲೆ ನೋಡಿ ಮೋಸಹೋಗುವವರು ಬಹಳ. ಮೇಪಲ್ಲಿನ ಎಲೆಗಳು ಕೊಂಬೆಯ ಮೇಲೆ ಎದುರುಬದುರು ಜೋಡಿಯಾಗಿ ಬರುತ್ತವೆ. ಚಿನಾರಿನವು ಒಂದು ಇತ್ತ, ಒಂದು ಅತ್ತ.

● ಮರದ ಮಣೆ ಕೊಳಕು, ಪ್ಲಾಸ್ಟಿಕ್ಕೇ ಶುಚಿ ಎಂದು ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಸೂಕ್ಷ್ಮಾಣು ವಿಜ್ಞಾನಿ ಡೀನ್ ಕ್ಲೈವರ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗಿಟ್ಟು 1994ರಲ್ಲಿ ಪ್ರಕಟಿಸಿದರು. ಮರದ ಮೇಲೆ ಹಾಕಿದ ಬ್ಯಾಕ್ಟೀರಿಯಾ ಒಳಗೆ ಹೀರಿಕೊಂಡುಹೋಗಿ ಮೇಲ್ಮೈಯಲ್ಲಿ ಮತ್ತೆ ಸಿಗುವುದು ಕಷ್ಟವಾಯಿತು. ಹೊಸ ಪ್ಲಾಸ್ಟಿಕ್ ತೊಳೆಯಲು ಸುಲಭವಾಗಿತ್ತು. ಚಾಕುವಿನ ಗೀರು ಬಿದ್ದ ಹಳೆಯ ಪ್ಲಾಸ್ಟಿಕ್ಕನ್ನು ಕೈಯಲ್ಲಿ ತೊಳೆದು ಶುಚಿ ಮಾಡುವುದು ಆಗಲಿಲ್ಲ. ಹಾಗೆಂದು ಕೋಳಿ ಕತ್ತರಿಸಿದ ಮಣೆಯನ್ನು ತೊಳೆಯದೆ ಸೌತೆಕಾಯಿ ಹೆಚ್ಚಬಾರದು. ಬಿಸಿನೀರು, ಸೋಪು, ಉಜ್ಜು ಬೇಕೇಬೇಕು.

● ಎಳೆಯ ತಲೆ ಮೇಲೆ ಮಾಡಿ ನಿಲ್ಲಿಸಿದ ಚೌಕಗಳ ಮಣೆಯಲ್ಲಿ ಚಾಕು ಎಳೆಗಳ ನಡುವೆ ಇಳಿಯುತ್ತದೆ, ಕುಂಚದ ಕೂದಲ ನಡುವೆ ಬೆರಳಿಟ್ಟಂತೆ. ಗೀರು ಕಡಿಮೆ, ಚಾಕುವಿಗೆ ಸುಖ. ಆದರೆ ಇದಕ್ಕೆ ಎರಡು ಸಲ ಅಂಟಿಸಬೇಕು: ಮೊದಲು ರೀಪುಗಳನ್ನು ಅಂಟಿಸಿ, ಅಡ್ಡ ಕೊಯ್ದು, ಪಟ್ಟಿಗಳನ್ನು ಮೇಲೆಬ್ಬಿಸಿ ಮತ್ತೆ ಅಂಟಿಸುವುದು. ನೀರನ್ನೂ ಬೇಗ ಕುಡಿಯುತ್ತದೆ. ಮೊದಲ ಮಣೆಗೆ ನಿಂತ ರೀಪುಗಳ ಸಾಲೇ ಸಾಕು.

● ಗರಗಸ ಒಂದು ಕ್ಷಣ ನಿಂತರೆ ಮೇಪಲ್ಲಿನ ಮೈ ಸುಟ್ಟು ಕಂದಾಗುತ್ತದೆ. ಸುಟ್ಟ ಮೈಗೆ ಅಂಟು ಸರಿಯಾಗಿ ಕಚ್ಚುವುದಿಲ್ಲ. ಕೀಸಿ ತೆಗೆದೇ ಅಂಟಿಸಬೇಕು.

● ಎರಡು ರೀಪುಗಳನ್ನು ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ನುಸುಳಿದರೆ ಇನ್ನೂ ಕೀಸಬೇಕು. ಸಂದಿ ಬಿಗಿಯಾಗಿ ಕೂತರೆ, ನೀರಿಗೆ ತಡೆಯುವ, ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಅಂಟು ಮರದ ಎಳೆಗಿಂತ ಬಲವಾಗಿ ಹಿಡಿಯುತ್ತದೆ. ಮುರಿದರೆ ಪಕ್ಕದ ಮರ ಮುರಿಯುತ್ತದೆ, ಸಂದಿಯಲ್ಲ.

● ಊರಿನ ಈಳಿಗೆಮಣೆಯಲ್ಲಿ ಅಲುಗು ಅಲ್ಲಾಡುವುದಿಲ್ಲ, ತರಕಾರಿಯೇ ಅದರ ಕಡೆ ಹೋಗುತ್ತದೆ. ಹಾಗಾಗಿ ಮರಕ್ಕೆ ಗೀರೇ ಬೀಳದು. ನಮ್ಮಲ್ಲಿ ಗೀರು ತಾಳಬೇಕಾದ ಮರ ಮಾಂಸದಂಗಡಿಯ ಕೊರಡು. ಅದಕ್ಕೆ ಹುಣಸೆಯ ದಿಮ್ಮಿಯನ್ನು ಆರಿಸಿದ ಹಿರಿಯರ ಕಣ್ಣು ಮೇಪಲ್ ಆರಿಸಿದವರ ಕಣ್ಣಿಗೆ ಕಡಿಮೆಯದಲ್ಲ: ಗಟ್ಟಿ, ಎಳೆ ಹೆಣೆದುಕೊಂಡದ್ದು, ಸೀಳದ್ದು.

● ಮಣೆಗೆ ಅಡುಗೆಯ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಚ್ಚಬೇಡಿ. ಮರದೊಳಗೆ ಮುಗ್ಗಿ ಕಮಟು ವಾಸನೆ ಬರುತ್ತದೆ. ಔಷಧದಂಗಡಿಯಲ್ಲಿ ಸಿಗುವ, ಸೇವಿಸಲು ಯೋಗ್ಯವಾದ ಮಿನರಲ್ ಆಯಿಲ್ ಕೆಡುವುದಿಲ್ಲ. ಅದಕ್ಕೆ ಜೇನುಮೇಣ ಕರಗಿಸಿ ಬೆರೆಸಿದರೆ ಇನ್ನೂ ಒಳ್ಳೆಯದು. ಎಣ್ಣೆಗೆ ಮುಂಚೆ ಒಂದು ಕೆಲಸ: ಮಣೆಯನ್ನು ನೀರಿನಿಂದ ಒದ್ದೆ ಮಾಡಿ ಒಣಗಲು ಬಿಡಿ. ಎಳೆಯ ತುದಿಗಳೆದ್ದು ಮೈ ಒರಟಾಗುತ್ತದೆ. ಆಗ ನಯವಾದ ಮರಳು ಕಾಗದದಿಂದ ಉಜ್ಜಿದರೆ, ಮೊದಲ ಸಲ ತೊಳೆದಾಗ ಮತ್ತೆ ಒರಟಾಗುವುದಿಲ್ಲ.

● ತೊಳೆದ ಮಣೆಯನ್ನು ಕಲ್ಲಿನ ಮೇಲೆ ಮಲಗಿಸಿಟ್ಟರೆ ಮೇಲ್ಭಾಗ ಒಣಗುತ್ತದೆ, ಕೆಳಭಾಗ ಒದ್ದೆಯಾಗಿಯೇ ಉಳಿಯುತ್ತದೆ. ಎಷ್ಟು ಒಳ್ಳೆಯ ರೀಪು ಆರಿಸಿದ್ದರೂ ಬಾಗುತ್ತದೆ. ಅಜ್ಜಿ ಹಲಸಿನ ಊಟದ ಮಣೆಗಳನ್ನೆಲ್ಲ ಒರೆಸಿ ಗೋಡೆಗೆ ಸಾಲಾಗಿ ಒರಗಿಸಿಡುತ್ತಿದ್ದಳು, ಒಂದಕ್ಕೊಂದು ತಾಗದಂತೆ. ಜಾಗ ಉಳಿಸಲೆಂದು ನಾವು ಅಂದುಕೊಂಡಿದ್ದೆವು. ಈಗ ನನ್ನ ಎರಡನೆಯ ಮೇಪಲ್ ಮಣೆ ಸಿಂಕಿನ ಪಕ್ಕದ ಗೋಡೆಗೆ ಹಾಗೆಯೇ ಒರಗಿ ನಿಂತಿದೆ. ಎರಡೂ ಮೈಗೆ ಗಾಳಿ ಸಮನಾಗಿ ತಾಗುತ್ತದೆ. ಆರು ಚಳಿಗಾಲ ಕಳೆದಿವೆ. ನೆಟ್ಟಗಿದೆ.